ಎರಡನೇ ಕಾವು ಕಾಣದ ಪಿನ್ನು

ಬೆಂಗಳೂರು, ತಪಾಸಣೆಯ ಸಾಲು

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಮ್ಮ ತಂಡದ ಹನ್ನೊಂದು ಗಂಡಸರು ಸಲೀಸಾಗಿ ದಾಟಿಹೋದರು. ಸಿಕ್ಕಿಬಿದ್ದವಳು ನಾನೊಬ್ಬಳೇ. ಯಂತ್ರದ ಹಿಂದೆ ಕುಳಿತಿದ್ದ ಹೆಣ್ಣುಮಗಳು ನನ್ನ ಕೈಚೀಲವನ್ನು ಪಕ್ಕಕ್ಕೆಳೆದು ಒಂದೊಂದೇ ಸಾಮಾನು ಹೊರಗೆ ತೆಗೆದಳು. ಕಟಕ ರೊಟ್ಟಿಯ ಕಟ್ಟು, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ವಿಭೂತಿ ಗಟ್ಟಿ, ಚಳಿಗೆಂದು ಇಟ್ಟುಕೊಂಡ ಸ್ವೆಟರು. ಕೊನೆಗೆ ಹಳೆಯ ಧೋತರದ ಚಿಂದಿಯಲ್ಲಿ ಸುತ್ತಿದ್ದ ಒಂದು ಉಕ್ಕಿನ ತುಂಡು. ಗೇಣಿಗಿಂತ ಚಿಕ್ಕದು, ಹೆಬ್ಬೆರಳಿಗಿಂತ ದಪ್ಪ. ಒಂದು ತುದಿಯಲ್ಲಿ ಬಳೆಯಂಥ ಹಿಡಿಕೆ, ಇನ್ನೊಂದು ತುದಿ ಮುರಿದದ್ದು.

"ಇದೇನಮ್ಮಾ?" ಅಂದಳು.

"ಟ್ರ್ಯಾಕ್ಟರಿನ ಪಿನ್ನು."

"ಮುರಿದದ್ದನ್ನ ಯಾಕೆ ತಗೊಂಡು ಹೋಗ್ತಿದೀರ?"

ನಾನು ಅದನ್ನು ಮತ್ತೆ ಚಿಂದಿಯಲ್ಲಿ ಸುತ್ತತೊಡಗಿದೆ. ತಂಡದ ಮುಖಂಡರು ಓಡಿ ಬಂದರು. ಹುಬ್ಬಳ್ಳಿಯವರು, ಒಳ್ಳೆಯ ಮನುಷ್ಯ, ಆದರೆ ಎಲ್ಲದಕ್ಕೂ ಗಡಿಬಿಡಿ. "ಅಕ್ಕಾರ, ಆ ತುಂಡ ಇಲ್ಲೇ ಒಗದು ನಡೀರಿ, ವಿಮಾನ ನಿಮ್ಮ ಸಲುವಾಗಿ ನಿಂದ್ರಾಂಗಿಲ್ಲ" ಎಂದರು. ಒಗೆಯುವುದಿಲ್ಲ ಎಂದು ನಾನು ಪಟ್ಟು ಹಿಡಿದೆ. ಕಡೆಗೆ ಇಡೀ ಕೈಚೀಲವನ್ನೇ ವಾಪಸು ಒಯ್ದು ದೊಡ್ಡ ಸಾಮಾನಿನ ಜೊತೆ ಹಾಕಿಸಬೇಕಾಯಿತು. ರೊಟ್ಟಿ, ಚಟ್ನಿ, ಸ್ವೆಟರು ಎಲ್ಲವೂ ಪಿನ್ನಿನ ಸಂಗಡ ವಿಮಾನದ ಹೊಟ್ಟೆ ಸೇರಿದವು. ಬ್ಯಾಂಕಾಕಿನಲ್ಲಿ ವಿಮಾನ ಬದಲಿಸಿ ತೈವಾನು ಮುಟ್ಟುವವರೆಗೆ ನಾನು ಹಸಿದು, ಸೆರಗು ಹೊದ್ದು, ನಡುಗುತ್ತ ಕುಳಿತೆ. ಮಾಡಿದ್ದುಣ್ಣು ಎಂದು ನನ್ನನ್ನು ನಾನೇ ಬೈದುಕೊಂಡೆ.

ಓದುವವರಿಗೆ ಈ ಪಿನ್ನಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ನೀಲವ್ವ. ಬೆಟಗೇರಿಯಲ್ಲಿ ನಮ್ಮದೊಂದು ಚಿಕ್ಕ ವರ್ಕ್‌ಶಾಪು. ಯಜಮಾನರು ತೀರಿಕೊಂಡ ಮೇಲೆ ಲೇತು, ಒಲೆ ನೋಡಿಕೊಳ್ಳುವವನು ಮೈದುನ ಗುರುಬಸಪ್ಪ. ತಯಾರಾದ ಮಾಲನ್ನು ಪರೀಕ್ಷೆ ಮಾಡಿ ಕಳಿಸುವವಳು ನಾನು. ಟ್ರ್ಯಾಕ್ಟರಿಗೆ ಟ್ರೇಲರು ಸಿಕ್ಕಿಸುವ ಕಡೆ ಒಂದು ಪಿನ್ನು ಇರುತ್ತದಲ್ಲ, ಅದೇ ನಮ್ಮ ಮಾಲು. ಉಕ್ಕಿನ ಸರಳು ಕತ್ತರಿಸಿ, ಲೇತಿನಲ್ಲಿ ತಿರುವಿ, ಒಲೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತೇವೆ. ಆಗ ಅದು ಗಡುಸಾಗುತ್ತದೆ, ಆದರೆ ಗಾಜಿನಂತೆ ಪೆಡಸು. ಅದಕ್ಕೇ ಇನ್ನೊಮ್ಮೆ ಸಣ್ಣ ಉರಿಯಲ್ಲಿ ಕಾಯಿಸುವುದು. ಈ ಎರಡನೇ ಕಾವು ಸಿಕ್ಕರೆ ಪಿನ್ನಿಗೆ ಹದ ಬರುತ್ತದೆ, ಪೆಟ್ಟು ತಡೆಯುತ್ತದೆ. ಸಿಗದಿದ್ದರೆ ನೋಡಲು ಏನೂ ವ್ಯತ್ಯಾಸ ಇಲ್ಲ, ಅದೇ ಬಣ್ಣ, ಅದೇ ತೂಕ.

ಎರಡು ವರ್ಷದ ಹಿಂದೆ ಮುಂಡರಗಿ ಕಡೆ ಮೆಣಸಿನಕಾಯಿ ಬಿಡಿಸಲು ಹೊರಟ ಹೆಣ್ಣುಮಕ್ಕಳ ಟ್ರೇಲರು ಒಂದು ಏರಿನಲ್ಲಿ ಟ್ರ್ಯಾಕ್ಟರಿನಿಂದ ಕಳಚಿ, ಹಿಂದಕ್ಕೆ ಉರುಳಿ, ಹಳ್ಳಕ್ಕೆ ಬಿತ್ತು. ಕೆಲವರ ಕೈಕಾಲು ಮುರಿದವು. ಮಾಬೂಬಿ ಎಂಬಾಕೆ ಅಲ್ಲೇ ತೀರಿಕೊಂಡಳು. ಟ್ರ್ಯಾಕ್ಟರು ಹೊಡೆಯುತ್ತಿದ್ದವನು ಆಕೆಯ ಗಂಡ, ಶಿರಹಟ್ಟಿಯ ಮೌಲಾಸಾಬ. ಏರಿನಲ್ಲಿ ಗೇರು ಬದಲಿಸುವಾಗ ಗಾಡಿಯನ್ನು ಒಮ್ಮೆಲೇ ಜಗ್ಗಿದ, ಅದಕ್ಕೇ ಕಳಚಿತು ಎಂದು ಎಲ್ಲರೂ ಅಂದರು. ಪೊಲೀಸರೂ ಹಾಗೇ ಬರೆದುಕೊಂಡರು. ಕೇಸು ಇನ್ನೂ ನಡೆದಿದೆ. ಅವರ ಒಬ್ಬಳೇ ಮಗಳು ಅಪ್ಪನ ಸಂಗಡ ಮಾತು ಬಿಟ್ಟು ಲಕ್ಷ್ಮೇಶ್ವರದಲ್ಲಿ ಸೋದರತ್ತೆಯ ಮನೆ ಸೇರಿದಳು.

ಇದು ನನಗೆ ಗೊತ್ತಾದದ್ದು ಟ್ರೇಲರಿನ ಮಾಲೀಕನಿಂದ. ಹೊಸ ಪಿನ್ನು ಬೇಕೆಂದು ಬಂದವನು ಅಳತೆಗೆಂದು ಮುರಿದ ತುಂಡನ್ನೇ ತಂದಿದ್ದ. "ಇದರಷ್ಟ ದಪ್ಪಂದು ಕೊಡ್ರಿ" ಎಂದು ಕೈಗಿಟ್ಟ. ಹಿಡಿಕೆಯ ಕೆಳಗೆ ಉಂಗುರದಂತೆ ಒಂದು ಗೆರೆ. ನಮ್ಮ ಲೇತಿನ ಸವೆದ ಹಲ್ಲು ಬಿಡುವ ಗೆರೆ ಅದು. ಬೇರೆ ಯಾರ ಪಿನ್ನಿಗೂ ಇಲ್ಲ. ನಾನು ಬಾಯಿ ಬಿಡದೆ ಅವನಿಗೆ ಹೊಸದು ಕೊಟ್ಟು ಕಳಿಸಿದೆ. ತುಂಡು ನನ್ನಲ್ಲೇ ಉಳಿಯಿತು.

ಗುರುಬಸಪ್ಪನಿಗೆ ತೋರಿಸಿದಾಗ ಅವನು ಆ ಗೆರೆಯ ಮೇಲೆ ಬೆರಳಾಡಿಸಿದ. "ವೈನಿ, ಇದರ ಮ್ಯಾಲೆ ನಮ್ಮ ಹೆಸರಿಲ್ಲ. ಅಂವ ಜಗ್ಗಿದ್ದೂ ಖರೆ. ಅಣ್ಣ ಕಟ್ಟಿದ ವರ್ಕ್‌ಶಾಪ್, ಬಾಗ್ಲ ಹಾಕೂದ ಬ್ಯಾಡ" ಎಂದ. ನಾನೂ ಹೂಂ ಅಂದೆ. ಮೌಲಾಸಾಬನೇ ಜಗ್ಗಿರಬೇಕು ಎಂದು ಎರಡು ವರ್ಷ ನನಗೆ ನಾನೇ ಹೇಳಿಕೊಂಡೆ. ಅವನ ತಪ್ಪಾಗಿರಲಿ ಎಂದು ದೇವರಲ್ಲಿ ಬೇಡಿಕೊಂಡದ್ದೂ ಉಂಟು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ನಮ್ಮ ಕಡೆಯ ಸಣ್ಣ ಕಾರ್ಖಾನೆಯವರು ಸೇರಿ ಅಲ್ಲಿನ ಕೆಲಸ ನೋಡಿ ಬರಲು ತೈವಾನಿಗೆ ಹೊರಟಾಗ ತಂಡದಲ್ಲಿ ಒಬ್ಬ ಮಹಿಳೆ ಇರಲೇಬೇಕೆಂದು ಯಾರೋ ಹೇಳಿದರಂತೆ. ಕಾಗದದಲ್ಲಿ ವರ್ಕ್‌ಶಾಪು ನನ್ನ ಹೆಸರಲ್ಲಿತ್ತು. ಹಾಗೆ ನಾನು ಉದ್ಯಮಿಯಾದೆ, ವಿದೇಶಕ್ಕೆ ಹೊರಟೆ. ಅಲ್ಲಿ ಪಿನ್ನನ್ನು ಯಾರಿಗಾದರೂ ತೋರಿಸಬೇಕು, ನಮ್ಮ ತಪ್ಪಲ್ಲ ಎಂದು ಅವರ ಬಾಯಿಂದ ಕೇಳಬೇಕು. ಇದೇ ನನ್ನ ಆಸೆ.

ಗಾಂಗ್‌ಶಾನ್, ಮೊದಲ ದಿನಗಳು

ಗಾಂಗ್‌ಶಾನ್ ತೈವಾನಿನ ದಕ್ಷಿಣದ ಊರು. ಊರ ತುಂಬ ಸ್ಕ್ರೂ, ನಟ್ಟು, ಬೋಲ್ಟು ಮಾಡುವ ಕಾರ್ಖಾನೆಗಳು. ನಾನು ಮದುವೆಯಾಗಿ ಬಂದಾಗ ಬೆಟಗೇರಿಯ ಓಣಿಗಳಲ್ಲಿ ಮಗ್ಗದ ಸದ್ದು ಹೇಗೆ ಕೇಳುತ್ತಿತ್ತೋ ಹಾಗೆ ಅಲ್ಲಿ ತಂತಿ ಕತ್ತರಿಸಿ ಸ್ಕ್ರೂವಿನ ತಲೆ ಹೊಡೆಯುವ ಸದ್ದು. ಬೀದಿಯಲ್ಲಿ ಎಣ್ಣೆಯ ವಾಸನೆ. ಬೇರೆಯವರು ಮೂಗು ಮುಚ್ಚಿಕೊಂಡರು. ನನಗೆ ಮನೆಗೆ ಬಂದಂತಾಯಿತು.

ಊಟದ್ದು ದೊಡ್ಡ ಫಜೀತಿ ಆದೀತು ಎಂದುಕೊಂಡಿದ್ದೆ. ಅಲ್ಲಿ ಶಾಕಾಹಾರಿ ಹೋಟೆಲಿನ ಬಾಗಿಲ ಮೇಲೆ ನಮ್ಮ ಸ್ವಸ್ತಿಕದಂಥದೇ ಗುರುತು ಇರುತ್ತದೆ. ಬುದ್ಧನ ಭಕ್ತರ ಊಟ. ಗುರುತು ನೋಡಿ ಒಳಗೆ ಹೋದರೆ ಹತ್ತು ಬಗೆ ಸೊಪ್ಪು, ಅಣಬೆ, ಸೋಯಾ ಗಟ್ಟಿ. ಆದರೆ ಉಳ್ಳಾಗಡ್ಡಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಅವರ ಮಡಿ ನಮಗಿಂತ ಒಂದು ಕೈ ಮೇಲು. ಎಲ್ಲ ತಿನ್ನುತ್ತೇವೆ ಎಂದು ವಿಮಾನದಲ್ಲಿ ಜಂಬ ಕೊಚ್ಚಿದ್ದ ಗಂಡಸರು ಎರಡನೇ ದಿನಕ್ಕೇ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಅಕ್ಕಾರ, ಚಟ್ನಿಪುಡಿ ಇನ್ನೂ ಐತೇನ್ರಿ?" ಎಂದು ಕೇಳತೊಡಗಿದರು. ಪಿನ್ನಿನ ತುಂಡನ್ನು ಒಗೆಯಲು ಹೇಳಿದ್ದ ಮುಖಂಡರಿಗೆ ಮಾತ್ರ ಸ್ವಲ್ಪ ಸತಾಯಿಸಿ ಕೊಟ್ಟೆ.

ರಸ್ತೆಯಲ್ಲಿ ಸ್ಕೂಟರುಗಳು ನಮ್ಮಷ್ಟೇ. ಆದರೆ ಸಿಗ್ನಲ್ಲಿನಲ್ಲಿ ಕಾರುಗಳ ಮುಂದೆ ಸ್ಕೂಟರಿನವರಿಗೆಂದೇ ಒಂದು ಚೌಕ ಬರೆದಿರುತ್ತಾರೆ. ಎಲ್ಲರೂ ಅದರೊಳಗೆ ಬಂದು ನಿಲ್ಲುತ್ತಾರೆ, ಗಾಲಿ ಗೆರೆ ದಾಟುವುದಿಲ್ಲ. ಕಸದ ಗಾಡಿ ನಮ್ಮೂರಿನ ಹಾಗೇ ಹಾಡು ಹಾಕಿಕೊಂಡು ಬರುತ್ತದೆ. ನಮ್ಮಲ್ಲಿ ಹಾಡು ಕೇಳಿದ ಮೇಲೆ ಬುಟ್ಟಿ ಹುಡುಕುತ್ತೇವೆ. ಅಲ್ಲಿ ಗಾಡಿ ಬರುವ ಮೊದಲೇ ಮುದುಕ ಮುದುಕಿಯರು ಚೀಲ ಹಿಡಿದು ಹರಟೆ ಹೊಡೆಯುತ್ತ ನಿಂತಿರುತ್ತಾರೆ. ನಾನೂ ಒಂದು ಸಂಜೆ ಅವರ ನಡುವೆ ಹೋಗಿ ನಿಂತೆ. ಯಾರ ಮಾತೂ ತಿಳಿಯಲಿಲ್ಲ. ಬಹಳ ದಿನದ ಮೇಲೆ ಮನಸ್ಸಿಗೆ ಸ್ವಲ್ಪ ಹಗುರವೆನಿಸಿತು.

ಬೋಲ್ಟಿನ ಕಾರ್ಖಾನೆ

ನಮ್ಮನ್ನು ಕರೆದೊಯ್ದ ಕಾರ್ಖಾನೆ ದೊಡ್ಡದೇನಲ್ಲ. ವಾಹನಗಳ ಸೀಟು ಬಿಗಿಯುವ ಬೋಲ್ಟು ಮಾಡುತ್ತಾರೆ. ಮಾಲೀಕರ ತಾಯಿ ಲಿನ್ ಅಜ್ಜಿ, ಎಪ್ಪತ್ತು ದಾಟಿದವರು, ಇನ್ನೂ ದಿನಾ ಪರೀಕ್ಷೆಯ ಮೇಜಿಗೆ ಬರುತ್ತಾರೆ. ಮೊಮ್ಮಗಳು ಮೇ ಎಂಬಾಕೆ ಇಂಗ್ಲಿಷ್ ಬಲ್ಲವಳು. ಅಜ್ಜಿಯ ಮಾತನ್ನು ಅವಳು ಇಂಗ್ಲಿಷಿಗೆ ತಂದರೆ ನನ್ನ ಪಿಯುಸಿ ಇಂಗ್ಲಿಷಿಗೆ ನಿಧಾನವಾಗಿ ನಿಲುಕುತ್ತಿತ್ತು.

ಒಳಗೆ ಕಾಲಿಟ್ಟ ಕೂಡಲೇ ನನಗೆ ಕಂಡದ್ದು ಪ್ರತಿ ಯಂತ್ರದ ತಲೆಯ ಮೇಲೂ ಒಂದೊಂದು ಹಸಿರು ತಿಂಡಿಯ ಪೊಟ್ಟಣ. ಮಕ್ಕಳು ತಿನ್ನುವ ಕುರುಕಲು. ಯಾರೋ ಮರೆತಿರಬೇಕೆಂದುಕೊಂಡೆ. ಯಂತ್ರ ಹಟ ಮಾಡದೆ ಸುಮ್ಮನೆ ಕೆಲಸ ಮಾಡಲಿ ಎಂದು ಇಡುವುದಂತೆ. ಪೊಟ್ಟಣ ಹಸಿರೇ ಆಗಿರಬೇಕು, ಒಡೆಯಬಾರದು, ಮೇಲಿನ ತಾರೀಖು ಮುಗಿದರೆ ಬದಲಿಸಬೇಕು. ನಾನು ನಮ್ಮ ಲೇತಿಗೆ ಕಟ್ಟುವ ನಿಂಬೆಹಣ್ಣು ಮೆಣಸಿನಕಾಯಿಯ ಬಗ್ಗೆ ಹೇಳಿದೆ. ಅಜ್ಜಿಗೆ ಬಹಳ ಸಂತೋಷವಾಯಿತು. "ನಿಮ್ಮ ಯಂತ್ರಕ್ಕೆ ಖಾರ ಇಷ್ಟವೇ?" ಎಂದು ಮೇ ಕಡೆಯಿಂದ ಕೇಳಿಸಿದರು.

ಅಜ್ಜಿಯ ಕೆಲಸ ಹೀಗೆ. ಪ್ರತಿ ಡಬ್ಬದ ಮೇಲಿನಿಂದ ಒಂದಿಷ್ಟು, ನಡುವಿನಿಂದ ಒಂದಿಷ್ಟು, ತಳಕ್ಕೆ ಕೈ ಹಾಕಿ ಒಂದಿಷ್ಟು ಬೋಲ್ಟು ತೆಗೆಯುತ್ತಾರೆ. ಅಳೆಯುತ್ತಾರೆ. ಆಮೇಲೆ ಯಂತ್ರಕ್ಕೆ ಕೊಟ್ಟು ಎಳೆಸಿ ಮುರಿಯುತ್ತಾರೆ. ಒಳ್ಳೆಯದನ್ನೇ ಮುರಿಯುತ್ತಾರೆ. ಥಳಥಳ ಹೊಳೆಯುವ ಬೋಲ್ಟು ಎರಡು ತುಂಡಾಗಿ ಬಿದ್ದಾಗ ನಾನು ಬಗ್ಗಿ ತುಂಡುಗಳನ್ನು ಎತ್ತಿಕೊಂಡೆ. ನಮ್ಮಲ್ಲಿ ಒಂದು ಪಿನ್ನಿಗೆ ಗೀರು ಬಿದ್ದರೂ ಗುರುಬಸಪ್ಪ ತಿಕ್ಕಿ ತಿಕ್ಕಿ ಸರಿ ಮಾಡುತ್ತಾನೆ. "ಇಷ್ಟೊಂದು ಹಾಳು ಮಾಡುತ್ತೀರಲ್ಲ?" ಎಂದೆ. ಇಲ್ಲಿ ಮುರಿದರೆ ನಾನು ಗುಡಿಸಿ ಹಾಕುತ್ತೇನೆ, ರಸ್ತೆಯಲ್ಲಿ ಮುರಿದರೆ ಯಾರು ಗುಡಿಸಬೇಕು ಎಂದು ಅಜ್ಜಿ ಕೇಳಿದರಂತೆ. ನಾನು ತುಂಡುಗಳನ್ನು ಮೇಜಿನ ಮೇಲಿಟ್ಟೆ.

ಇನ್ನೊಂದು ಪದ್ಧತಿ ಇತ್ತು. ಪ್ರತಿ ಡಬ್ಬಕ್ಕೂ ತಂತಿಯಲ್ಲಿ ಕಟ್ಟಿದ ಒಂದು ಚೀಟಿ. ಯಾರು ತಂತಿ ಕತ್ತರಿಸಿದರು, ಯಾರು ಕಾಯಿಸಿದರು, ಎರಡನೇ ಕಾವು ಯಾವಾಗ ಆಯಿತು, ಯಾರು ನೋಡಿದರು. ಒಂದೊಂದು ಕೆಲಸ ಮುಗಿದಾಗ ಆ ಮನುಷ್ಯನೇ ಅದರ ಮೇಲೆ ಮೊಹರು ಒತ್ತಬೇಕು. ನಮ್ಮ ಗಂಡಸರು ಇದರ ಫೋಟೋ ತೆಗೆದುಕೊಂಡರು. ನನಗೆ ಅದೇನು ದೊಡ್ಡದೆನಿಸಲಿಲ್ಲ. ನಮ್ಮಲ್ಲಿ ಚೀಟಿಯ ಗರಜೇ ಇಲ್ಲ ಎಂದುಕೊಂಡೆ. ಒಲೆಯ ಮಗ್ಗುಲಿನ ಬುಟ್ಟಿ ಎಂದರೆ ಎರಡನೇ ಕಾವು ಆಗಬೇಕಾದದ್ದು. ಬಾಗಿಲ ಮಗ್ಗುಲಿನ ಬುಟ್ಟಿ ಎಂದರೆ ಕಾವು ಆಗಿ, ನನ್ನ ಪರೀಕ್ಷೆಯೂ ಆಗಿ, ಕಳಿಸಲು ತಯಾರಾದದ್ದು. ಯಜಮಾನರ ಕಾಲದಿಂದ ಹೀಗೇ ನಡೆದು ಬಂದಿದೆ. ಕಣ್ಣು ಕಟ್ಟಿ ಬಿಟ್ಟರೂ ಹೇಳುತ್ತೇನೆ ಎಂದು ನನಗೆ ಸೊಕ್ಕು.

ಮೂರನೇ ದಿನ, ಪೂಜೆ

ಮೂರನೇ ದಿನ ಹೋದಾಗ ಕಾರ್ಖಾನೆಯ ಮುಂದೆ ಮೇಜು ಹಾಕಿ ಹಣ್ಣು, ಬಿಸ್ಕೀಟು, ಚಹಾ ಜೋಡಿಸುತ್ತಿದ್ದರು. ಅವರ ತಿಂಗಳಿನ ಎರಡನೆಯ ಮತ್ತು ಹದಿನಾರನೆಯ ದಿನ ವ್ಯಾಪಾರ ಮಾಡುವವರೆಲ್ಲ ಹೀಗೆ ಪೂಜೆ ಮಾಡುತ್ತಾರಂತೆ. ಊದುಬತ್ತಿ ಹಚ್ಚಿ, ಬಾಗಿಲಿನಾಚೆ ದೇವರಿಗೆಂದು ನೋಟಿನಂಥ ಕಾಗದ ಸುಡುತ್ತಾರೆ. ನಮ್ಮ ಅಮಾಸೆಯ ಪೂಜೆಯೇ. ಅಜ್ಜಿ ನನ್ನ ಕೈಗೂ ಊದುಬತ್ತಿ ಕೊಟ್ಟರು. ತಂಡದವರು ಪಕ್ಕದ ಕಾರ್ಖಾನೆ ನೋಡಲು ಹೋದರು, ನಾನು ಉಳಿದೆ.

ಮೇಜಿಗೆ ಜಾಗ ಮಾಡಲು ಇಬ್ಬರು ಕೆಲಸಗಾರರು ಬಾಗಿಲ ಬಳಿಯ ಡಬ್ಬಗಳನ್ನು ಒಳಗೆ ತಳ್ಳಿದರು. ತಯಾರಾದವು, ಆಗದವು ಎಲ್ಲ ಒಂದೇ ಕಡೆ ಕಲೆತವು. ಡಬ್ಬ ಹೋದಲ್ಲಿ ಚೀಟಿಯೂ ಅಲ್ಲಾಡುತ್ತ ಹಿಂದೆ ಹೋಯಿತು. ನಾನು ಊದುಬತ್ತಿ ಹಿಡಿದು ಅದನ್ನೇ ನೋಡುತ್ತಿದ್ದೆ. ಆಗ ಎರಡು ವರ್ಷದ ಹಿಂದಿನ, ಆ ಟ್ರೇಲರು ಉರುಳುವುದಕ್ಕೆ ಮೊದಲಿನ ಒಂದು ಅಮಾಸೆ ನೆನಪಾಯಿತು.

ಅಮಾಸೆಯ ದಿನ ನಮ್ಮಲ್ಲಿ ಮಧ್ಯಾಹ್ನದವರೆಗೆ ಕೆಲಸ. ಆಮೇಲೆ ವರ್ಕ್‌ಶಾಪು ತೊಳೆದು ಪೂಜೆ ಮಾಡುತ್ತೇವೆ. ಪೂಜೆಯಾದ ಮೇಲೆ ಒಲೆ ಹಚ್ಚುವುದಿಲ್ಲ, ಉಕ್ಕು ತಿಕ್ಕುವ ಅರ, ಸುತ್ತಿಗೆ ಮುಟ್ಟುವುದಿಲ್ಲ. ಅವೂ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕುಳಿತಿರುತ್ತವೆ. ಆ ದಿನ ಒಂದು ಬುಟ್ಟಿ ಪಿನ್ನನ್ನು ಎಣ್ಣೆಯಲ್ಲಿ ಅದ್ದಿ ಆಗಿತ್ತು, ಎರಡನೇ ಕಾವು ಉಳಿದಿತ್ತು. ನಾಳೆ ಮಾಡಿದರಾಯಿತು ಎಂದು ಗುರುಬಸಪ್ಪ ಒಲೆಯ ಮಗ್ಗುಲಲ್ಲೇ ಇಟ್ಟಿದ್ದ. ನೆಲ ತೊಳೆಯುವಾಗ ಆ ಬುಟ್ಟಿಯನ್ನು ಎಳೆದು ಬಾಗಿಲ ಮಗ್ಗುಲಿಗೆ ತಂದವಳು ನಾನು. ಒಲೆಯ ಕಡೆ ಹಸಿಯಿತ್ತು. ಒಣಗಿದ ಮೇಲೆ ವಾಪಸು ಇಡೋಣವೆಂದುಕೊಂಡೆ. ಆಮೇಲೆ ಕಾಯಿ ಒಡೆಯುವುದು, ಮಂಗಳಾರತಿ, ಓಣಿಯವರಿಗೆ ಪ್ರಸಾದ, ಬುಟ್ಟಿ ಮರೆತೇ ಹೋಯಿತು. ಮರುದಿನ ನಸುಕಿನಲ್ಲೇ ವ್ಯಾಪಾರಿಯ ಗಾಡಿ ಬಂತು. ಬಾಗಿಲ ಮಗ್ಗುಲಿನ ಬುಟ್ಟಿಗಳನ್ನು ಗುರುಬಸಪ್ಪ ಏರಿಸಿ ಕಳಿಸಿದ. ಅಲ್ಲಿದ್ದದ್ದೆಂದರೆ ವೈನಿ, ಅಂದರೆ ಅತ್ತಿಗೆಯಾದ ನಾನು, ನೋಡಿದ್ದೇ ಎಂದು ಅವನ ನಂಬಿಕೆ; ಕಾವು ಉಳಿದ ಬುಟ್ಟಿಯ ನೆನಪು ಆ ಅವಸರದಲ್ಲಿ ಅವನಿಗೂ ಬರಲಿಲ್ಲ.

ಊದುಬತ್ತಿ ಕೈಯಿಂದ ಜಾರಿ ಕಾಲ ಮೇಲೆ ಬಿತ್ತು. ಮೇ ಓಡಿ ಬಂದು ಕುರ್ಚಿ ಕೊಟ್ಟಳು. ನಾನು ಚೀಲದಿಂದ ಚಿಂದಿ ಬಿಚ್ಚಿ ಪಿನ್ನನ್ನು ಅಜ್ಜಿಯ ಮೇಜಿನ ಮೇಲಿಟ್ಟೆ.

ಅಜ್ಜಿ ಮೊದಲು ಎರಡೂ ಕೈಯಲ್ಲಿ ಎತ್ತಿಕೊಂಡು ತೂಗಿ ನೋಡಿದರು. ಮುರಿದ ಮುಖವನ್ನು ದೀಪಕ್ಕೆ ಹಿಡಿದು ಭೂತಗನ್ನಡಿ ಇಟ್ಟರು. ನನಗೂ ತೋರಿಸಿದರು. ಸಕ್ಕರೆಯ ಹರಳಿನಂತೆ ಮಿನುಗುತ್ತಿತ್ತು. ಹದವಾದ ಉಕ್ಕು ಮುರಿದರೆ ಹಾಗೆ ಮಿನುಗುವುದಿಲ್ಲ, ಹರಿದಂತೆ ಮಂಕಾಗಿ ಕಾಣುತ್ತದೆ. ಇದು ನನಗೂ ಗೊತ್ತಿದ್ದ ಸಂಗತಿಯೇ. ಎರಡು ವರ್ಷ ಆ ಮುಖವನ್ನು ಬೆಳಕಿಗೆ ಹಿಡಿಯುವ ಧೈರ್ಯ ಮಾಡಿರಲಿಲ್ಲ, ಅಷ್ಟೇ. ಆಮೇಲೆ ಅಜ್ಜಿ ಅರ ತೆಗೆದುಕೊಂಡು ಪಿನ್ನಿನ ಮೈ ಮೇಲೆ ಎಳೆದರು. ಕಚ್ಚದೆ ಜಾರಿತು, ಅಷ್ಟು ಗಡುಸು. ವಜ್ರದ ಮೊನೆ ಒತ್ತಿ ಗಡಸುತನ ಅಳೆಯುವ ಯಂತ್ರಕ್ಕೂ ಕೊಟ್ಟು, ಬಂದ ಅಂಕಿ ನೋಡಿ ತಲೆಯಾಡಿಸಿದರು.

"ಎರಡನೇ ಕಾವು ಆಗಿಲ್ಲ ಎನ್ನುತ್ತಾರೆ ಅಜ್ಜಿ" ಎಂದಳು ಮೇ.

"ಟ್ರ್ಯಾಕ್ಟರು ಹೊಡೆಯುವವನು ಜಗ್ಗಿದ್ದರಿಂದ ಮುರಿದಿರಬಹುದಲ್ಲ?" ಎಂದು ಕೇಳಿದೆ. ಅಲ್ಲಿಯೂ ನನಗೆ ತಪ್ಪಿಸಿಕೊಳ್ಳಲು ಒಂದು ದಾರಿ ಬೇಕಿತ್ತು.

ಜಗ್ಗುತ್ತಾರೆ ಎಂದು ಗೊತ್ತಿದ್ದೇ ಪಿನ್ನು ಮಾಡುವುದಲ್ಲವೇ ಎಂದು ಅಜ್ಜಿ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಯಾರಿಗಾದರೂ ಪೆಟ್ಟಾಯಿತೇ ಎಂದು ಆಮೇಲೆ ಕೇಳಿದರು. ಒಬ್ಬ ಹೆಣ್ಣುಮಗಳು ಹೋದಳು, ಟ್ರ್ಯಾಕ್ಟರು ಹೊಡೆಯುತ್ತಿದ್ದವನು ಅವಳ ಗಂಡ ಎಂದೆ. ಮೇ ಅದನ್ನು ಅಜ್ಜಿಗೆ ಹೇಳುವಾಗ ಅವಳ ದನಿ ಸಣ್ಣದಾಯಿತು. ಹೊರಗೆ ಕಾಗದ ಸುಡುವ ಹೊಗೆ ಒಳಗೆ ಬರುತ್ತಿತ್ತು. ಅಜ್ಜಿ ನನ್ನ ಕೈ ಹಿಡಿಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಪಿನ್ನನ್ನು ಅದೇ ಚಿಂದಿಯಲ್ಲಿ ಸುತ್ತಿ, ಎರಡೂ ಕೈಯಿಂದ ನನಗೆ ವಾಪಸು ಕೊಟ್ಟು, ಒಂದೇ ಮಾತು ಕೇಳಿದರು.

ಆ ಗಂಡನಿಗೆ ಇದು ಗೊತ್ತಿದೆಯೇ?

ನಾನು ಅಳತೊಡಗಿದೆ. ಯಜಮಾನರು ಹೋದಾಗಲೂ ಜನರ ಮುಂದೆ ಹಾಗೆ ಅತ್ತವಳಲ್ಲ. ಹಸಿರು ಪೊಟ್ಟಣಗಳ ನಡುವೆ, ಹೆಸರೂ ಸರಿಯಾಗಿ ಉಚ್ಚರಿಸಲು ಬಾರದ ಊರಿನಲ್ಲಿ, ಬಾಯಿಗೆ ಸೆರಗು ಒತ್ತಿ ಅತ್ತೆ.

ಗುಡಿಯಲ್ಲಿ

ಹೊರಡುವ ಹಿಂದಿನ ದಿನ ಮೇ ನನ್ನನ್ನು ಊರಿನ ಗುಡಿಗೆ ಕರೆದೊಯ್ದಳು. ಅಲ್ಲಿ ದೇವರನ್ನು ಪ್ರಶ್ನೆ ಕೇಳುವ ಪದ್ಧತಿ ಇದೆ. ಅರ್ಧಚಂದ್ರನಂತಿರುವ ಎರಡು ಕೆಂಪು ಮರದ ತುಂಡು. ಒಂದು ಬದಿ ಚಪ್ಪಟೆ, ಒಂದು ಬದಿ ಉಬ್ಬು. ಮನಸ್ಸಿನಲ್ಲಿ ಪ್ರಶ್ನೆ ಹೇಳಿ ನೆಲಕ್ಕೆ ಬಿಡಬೇಕು. ಒಂದು ಉಬ್ಬು, ಒಂದು ಚಪ್ಪಟೆ ಮೇಲಾದರೆ ಹೌದು. ಎರಡೂ ಉಬ್ಬು ಮೇಲಾದರೆ ಇಲ್ಲ. ನಮ್ಮಲ್ಲಿ ಹೂವಿನ ಅಪ್ಪಣೆ ಕೇಳುವುದಿಲ್ಲವೇ, ಹಾಗೆಯೇ. ದೇವರ ಮೇಲಿನ ಹೂವು ಬಲಕ್ಕೆ ಬೀಳುವವರೆಗೆ ಕಾದು ಕೂಡುವ ಜನ ನಾವು. ಇಲ್ಲಿ ಬೇಗ ಉತ್ತರ ಸಿಗುತ್ತದೆ.

ನಾನು ಕೇಳಿದ್ದು ಇಷ್ಟೇ: ಸುಮ್ಮನಿದ್ದುಬಿಡಲೇ? ವರ್ಕ್‌ಶಾಪು ಮುಚ್ಚಿದರೆ ಗುರುಬಸಪ್ಪನ ಸಂಸಾರವೂ ಬೀದಿಗೆ ಬೀಳುತ್ತದೆ. ಮಾಬೂಬಿಯಂತೂ ತಿರುಗಿ ಬರುವುದಿಲ್ಲ.

ತುಂಡುಗಳು ಬಿದ್ದವು. ಎರಡರ ಚಪ್ಪಟೆ ಬದಿಯೂ ಮೇಲೆ. ಮೇ ಮುಗುಳ್ನಕ್ಕಳು. ಇದಕ್ಕೆ ದೇವರು ನಕ್ಕ ಎನ್ನುತ್ತಾರಂತೆ. ಉತ್ತರ ಗೊತ್ತಿದ್ದೂ ಯಾಕೆ ಕೇಳುತ್ತೀ ಎಂದು. ಅವಳಿಗೆ ನನ್ನ ಪ್ರಶ್ನೆ ಗೊತ್ತಿರಲಿಲ್ಲ. ಇನ್ನೊಮ್ಮೆ ಕೇಳುತ್ತೀರಾ ಎಂದಳು. ಬೇಡ ಎಂದೆ.

ಶಿರಹಟ್ಟಿ

ಊರಿಗೆ ಬಂದ ಮರುದಿನ ಗುರುಬಸಪ್ಪನನ್ನು ಕರೆದು ಅಮಾಸೆಯ ಬುಟ್ಟಿಯ ವಿಷಯ ಹೇಳಿದೆ. ಅವನು ಲೇತಿನ ಮೇಲೆ ಕೈಯೂರಿ ನಿಂತಿದ್ದ. "ಬುಟ್ಟಿ ಏರಿಸಿದಾಂವ ನಾನು" ಎಂದ. "ಸರಿಸಿದಾಕಿ ನಾನು" ಎಂದೆ. ನಾನು ಶಿರಹಟ್ಟಿಗೆ ಹೊರಟಾಗ ಅವನು ಬಸ್ ಸ್ಟ್ಯಾಂಡಿನವರೆಗೆ ಬಂದು, ಬಸ್ಸು ಬಿಡುವವರೆಗೆ ಕಿಟಕಿಯ ಕೆಳಗೆ ನಿಂತಿದ್ದ.

ಮೌಲಾಸಾಬ ಟ್ರ್ಯಾಕ್ಟರು ಬಿಟ್ಟು ಈಗ ಒಂದು ಗೋದಾಮಿನಲ್ಲಿ ಚೀಲ ಹೊಲಿಯುತ್ತಾನೆ. ಐವತ್ತರ ಮನುಷ್ಯ, ಎಪ್ಪತ್ತರವನಂತೆ ಕಾಣುತ್ತಾನೆ. ನನ್ನನ್ನು ಒಟ್ಟಿದ ಚೀಲದ ಥಪ್ಪಿಯ ಮೇಲೆ ಕೂಡಿಸಿ ಚಹಾ ತರಿಸಿದ. ಪಿನ್ನನ್ನು ಅವನ ಮುಂದಿಟ್ಟು, ಚಹಾ ಕುಡಿಯದೆ ಎಲ್ಲ ಹೇಳಿದೆ. ಪಿನ್ನು ನಮ್ಮದು, ತಪ್ಪು ನನ್ನದು, ಕೋರ್ಟಿನಲ್ಲೂ ಬಂದು ಹೇಳುತ್ತೇನೆ ಎಂದೆ. ಅವನು ಪಿನ್ನನ್ನು ಮುಟ್ಟಲಿಲ್ಲ.

"ನಾ ಜಗ್ಗಿದ್ದು ಖರೆ ಐತ್ರಿ ಅಕ್ಕಾರ" ಎಂದ.

"ಆ ಏರಿನ್ಯಾಗ ಎಲ್ಲಾರೂ ಜಗ್ತಾರ. ಪಿನ್ನ ತಡೀಬೇಕಿತ್ತು."

"ಜಗ್ಗಲಿಲ್ಲಂದ್ರ ಉಳೀತಿದ್ಲೇನ್ರಿ?"

"ಆ ಏರ ದಾಟಿದ್ರ ಮುಂದಿನ ಏರಿನ್ಯಾಗ ಮುರೀತಿತ್ತು ಮೌಲಾಸಾಬ. ಅದಕ್ಕ ಹದನ ಇರಲಿಲ್ಲ."

ಬೈಯುತ್ತಾನೆ, ಹೊಡೆಯಲೂಬಹುದು ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿದ್ದೆ. ಅವನು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

"ದಿನಾ ಆ ಗೇರ ಹಾಕತೀನ್ರಿ ನಾನು. ಮಲಗಿದ್ರೂ ಹಾಕತೀನಿ, ಉಣ್ಣಾಕ ಕುಂತ್ರೂ ಹಾಕತೀನಿ" ಎಂದ. "ಈಗ ನನಗ ಹೇಳಿದ್ರಿ. ನನ್ನ ಮಗಳ ಮುಂದ ಒಮ್ಮಿ ಹೇಳ್ತೀರೇನ್ರಿ?"

ಲಕ್ಷ್ಮೇಶ್ವರದ ಬಸ್ಸಿನಲ್ಲಿ ಅವನು ನನ್ನ ಹಿಂದಿನ ಸೀಟಿನಲ್ಲಿ ಕುಳಿತು ಬಂದ.

ಲಕ್ಷ್ಮೇಶ್ವರ

ಮಗಳು ರೇಷ್ಮಾಗೆ ಇಪ್ಪತ್ತೆರಡು ಇರಬಹುದು. ಸೋದರತ್ತೆಯ ಮನೆಯ ಮುಂದಿನ ಕೋಣೆಯಲ್ಲಿ ಮಷೀನು ಇಟ್ಟುಕೊಂಡು ಜಂಪರು ಹೊಲಿಯುತ್ತಾಳೆ. ಅಪ್ಪನನ್ನು ನೋಡಿದವಳೇ ಮಷೀನಿನ ಕಡೆ ಮುಖ ತಿರುಗಿಸಿದಳು. ಅವನು ಹೊಸ್ತಿಲ ಹೊರಗೇ ನಿಂತ. ನಾನು ಒಳಗೆ ಹೋಗಿ, ನಾನು ಯಾರೆಂದು ಹೇಳಿ, ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಎರಡನೇ ಸಲ ಹೇಳುವುದು ಸುಲಭವಾದೀತು ಎಂದುಕೊಂಡಿದ್ದೆ. ಆಗಲಿಲ್ಲ. ಆಕೆಯ ಮುಖದಲ್ಲಿ ನಾನು ಎಂದೂ ಕಾಣದ ಮಾಬೂಬಿಯನ್ನು ಹುಡುಕುತ್ತಿದ್ದೆ.

ಎಲ್ಲ ಮುಗಿದ ಮೇಲೆ ಅವಳು ಬಟ್ಟೆಯಿಂದ ಸೂಜಿ ಮೇಲೆತ್ತಿ ನನ್ನ ಕಡೆ ನೋಡಿದಳು.

"ಆ ಬುಟ್ಟಿಯೊಳಗ ಎಷ್ಟ ಪಿನ್ನ ಇದ್ವ್ರಿ ಅವ್ವಾರ?"

"ನಲವತ್ತು."

"ಉಳಿದಾವು ಎಲ್ಲೆ ಅದಾವು?"

ನಾನು ತೈವಾನಿಗೆ ಹೋಗಿ ಬಂದೆ. ಕಣ್ಣೀರು ಹಾಕಿದೆ, ದೇವರನ್ನು ಕೇಳಿದೆ, ನನ್ನ ತಪ್ಪನ್ನು ಹೊತ್ತುಕೊಂಡು ಎರಡೂರು ತಿರುಗಿದೆ. ಈ ಪ್ರಶ್ನೆ ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ. ನಾನು ನನ್ನ ಸಂಕಟವನ್ನೇ ನೋಡುತ್ತ ಕುಳಿತಿದ್ದೆ. ಮೂವತ್ತೊಂಬತ್ತು ಪಿನ್ನುಗಳು ಮೂವತ್ತೊಂಬತ್ತು ಟ್ರೇಲರುಗಳಲ್ಲಿ ಹೆಣ್ಣುಮಕ್ಕಳನ್ನು ಹೊತ್ತು ಏರು ಹತ್ತುತ್ತಿದ್ದವು. ವ್ಯಾಪಾರಿ ಅವನ್ನು ಸುತ್ತಲಿನ ಎಷ್ಟು ಅಂಗಡಿಗೆ ಕೊಟ್ಟನೋ, ಅಂಗಡಿಯವರು ಯಾರಿಗೆ ಮಾರಿದರೋ.

"ಗೊತ್ತಿಲ್ಲವ್ವಾ" ಎಂದೆ.

ಹೊರಗಿನಿಂದ ಮೌಲಾಸಾಬನ ದನಿ ಕೇಳಿಸಿತು. ಯಾರನ್ನೂ ನೋಡದೆ ಹೇಳಿದ. "ಈ ಕಡೆ ಟ್ರೇಲರ್ ಇದ್ದ ಮನಿ ಎಲ್ಲಾ ನನಗ ಗೊತ್ತದಾವ. ಇಪ್ಪತ್ತ ವರ್ಷ ಹೊಡದೀನಿ."

ರೇಷ್ಮಾ ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಗಿರಾಕಿಗಳ ಅಳತೆ ಬರೆಯುವ ಪುಸ್ತಕ ಎಳೆದುಕೊಂಡು ಹೊಸ ಹಾಳೆ ತೆರೆದಳು.

"ಹೆಸರ ಹೇಳು, ಬರಕೊಂತೀನಿ" ಎಂದಳು.

ಎರಡು ವರ್ಷದಲ್ಲಿ ಅವಳು ಅಪ್ಪನೊಂದಿಗೆ ಆಡಿದ ಮೊದಲ ಮಾತು ಅದು. ಒಳಗೆ ಬಾ ಎಂದು ಕರೆಯಲಿಲ್ಲ. ಮೌಲಾಸಾಬ ಹೊಸ್ತಿಲ ಹೊರಗೇ ಕುಳಿತು, ಕಣ್ಣು ಮುಚ್ಚಿಕೊಂಡು, ಹರ್ತಿ ಎಂಬ ಹಳ್ಳಿಯ ಮೊದಲ ಟ್ರೇಲರಿನ ಮನೆಯಿಂದ ಹೆಸರು ಹೇಳತೊಡಗಿದ.